ಆಧಾರ್ ಜೆರಾಕ್ಸ್, ಯುಪಿಐ, ಲೋನ್ ಆ್ಯಪ್: ಅಂಗಡಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಜೆರಾಕ್ಸ್ ತೆಗೆದು, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ. ಇಲ್ಲಿಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು "ಈ ಅರ್ಜಿಗೆ ಏನೇನು ಬೇಕು" ಅನ್ನುವಂಥವು. ಇನ್ನರ್ಧ ಬೇರೆ ಥರ. "ಇದನ್ನ ಕೊಡಲೇಬೇಕಾ?", "ಕೊಟ್ರೆ ಏನಾಗುತ್ತೆ?", "ದುಡ್ಡು ಕಟ್ ಆಗೋಯ್ತು, ಏನ್ಮಾಡ್ಲಿ?" ಈ ಎರಡನೇ ಥರದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ. ಮೊತ್ತ ದೊಡ್ಡದಿದ್ದರೆ ವಕೀಲರನ್ನೇ ಕಾಣಿ.

ಎಲ್ಲಿ ಹೋದರೂ ಆಧಾರ್ ಜೆರಾಕ್ಸ್ ಕೇಳ್ತಾರೆ. ಕೊಡಲೇಬೇಕಾ?

ಜೆರಾಕ್ಸ್ ತೆಗೆದು ಹೊಟ್ಟೆ ಹೊರೆಯುವವನು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ. ಬಹಳ ಕಡೆ ಕೊಡಬೇಕಾಗಿಲ್ಲ.

ಆಧಾರ್ ಬೇಕೇ ಬೇಕು ಅನ್ನುವ ಜಾಗಗಳು ನಾವು ಅಂದುಕೊಂಡಷ್ಟು ಇಲ್ಲ. ಸರ್ಕಾರದ ಹಣ ಅಥವಾ ಸಬ್ಸಿಡಿ ಬರುವ ಯೋಜನೆಗಳಿಗೆ ಬೇಕು. ರೇಷನ್, ಗೃಹಲಕ್ಷ್ಮಿ, ಪಿಎಂ ಕಿಸಾನ್ ಎಲ್ಲ ಈ ಗುಂಪಿನವು. ಪ್ಯಾನ್ ಕಾರ್ಡಿಗೂ ಜೋಡಿಸಬೇಕು. ಆದರೆ ಸಿಮ್ ತಗೊಳ್ಳಲು ಆಧಾರ್ ಒಂದು ದಾರಿ ಅಷ್ಟೇ. ವೋಟರ್ ಐಡಿ, ಪಾಸ್‌ಪೋರ್ಟ್, ಡಿಎಲ್ ತೋರಿಸಿದರೂ ನಡೆಯಬೇಕು. ಆಧಾರ್ ಇಲ್ಲ ಅಂತ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ವಾಪಸ್ ಕಳಿಸುವಂತಿಲ್ಲ.

ಇದನ್ನು ಹೇಳಿದ್ದು 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪು. ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಮ್ಮ ಮನೆಯ ಹಿರಿಯರನ್ನು ಬ್ಯಾಂಕಿಗೆ ಒಬ್ಬರೇ ಹೋಗಲೂ ನಾವು ಬಿಡುವುದಿಲ್ಲ. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಮರುವರ್ಷ ಐವರ ಪೀಠ ಆಧಾರ್ ಯೋಜನೆಯನ್ನು ಉಳಿಸಿತು. ಆದರೆ ಖಾಸಗಿ ಕಂಪನಿಗಳು ಆಧಾರ್ ಕೇಳಲು ನೆಪವಾಗಿದ್ದ 57ನೇ ಸೆಕ್ಷನ್ನಿನ ಭಾಗವನ್ನು ತೆಗೆದುಹಾಕಿತು. ಸಿಮ್ಮಿಗೂ ಬ್ಯಾಂಕ್ ಖಾತೆಗೂ ಕಡ್ಡಾಯವಾಗಿ ಜೋಡಿಸಬೇಕು ಅನ್ನುವುದೂ ಹೋಯಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಲಾ ಕಾಲೇಜುಗಳಲ್ಲೆಲ್ಲ ಅವರ ಹೆಸರು ಗೊತ್ತು. ನಮ್ಮ ಊರುಗಳಲ್ಲಿ ಕೇಳಿದರೆ ಹೇಳುವವರು ಕಮ್ಮಿ.

ಹಾಗಾದರೆ ಪಿಜಿ, ಲಾಡ್ಜು, ಜಿಮ್ಮು? ಗುರುತಿನ ಚೀಟಿ ಕೇಳುವುದು ಬೇರೆ, ಆಧಾರೇ ಆಗಬೇಕು ಅನ್ನುವುದು ಬೇರೆ. ಲಾಡ್ಜಿನವರು ಗುರುತು ನೋಡಲೇಬೇಕು, ಅದು ಸರಿ. ಜಗಳ ಬೇಡ. "ಡಿಎಲ್ ಕೊಟ್ರೆ ಆಗುತ್ತಲ್ವಾ ಸಾರ್?" ಅಂತ ಕೇಳಿ ನೋಡಿ. ಸುಮಾರು ಜನ ಒಪ್ಪುತ್ತಾರೆ. ಯಾಕೆ ಆಧಾರ್ ಕೇಳುತ್ತಿದ್ದೇವೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಹಿಂದೆ ಆ ಕುರ್ಚಿಯಲ್ಲಿ ಕೂತವರು ಕೇಳುತ್ತಿದ್ದರು, ಇವರೂ ಕೇಳುತ್ತಾರೆ.

ಕೊಡಲೇಬೇಕಾಗಿ ಬಂದ್ರೆ ಹೇಗೆ ಕೊಡೋದು?

ಮಾಸ್ಕ್ ಮಾಡಿದ ಆಧಾರ್ ಕೊಡಿ. ಅದರಲ್ಲಿ ಹನ್ನೆರಡು ಅಂಕಿಗಳ ಪೈಕಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ವೆಬ್‌ಸೈಟಿನಲ್ಲಿ ಆಧಾರ್ ಡೌನ್‌ಲೋಡ್ ಮಾಡುವಾಗ ಕೆಳಗೆ ಮಾಸ್ಕ್ ಬೇಕಾ ಅಂತ ಒಂದು ಚಿಕ್ಕ ಚೌಕ ಇರುತ್ತದೆ. ಅದನ್ನು ಟಿಕ್ ಮಾಡಿದರೆ ಆಯಿತು. ಡೌನ್‌ಲೋಡ್ ಆದ ಫೈಲಿಗೆ ಪಾಸ್‌ವರ್ಡ್ ಇರುತ್ತದೆ. ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನ ಮೊದಲ ನಾಲ್ಕು ಅಕ್ಷರ ದೊಡ್ಡಕ್ಷರದಲ್ಲಿ, ಅದರ ಪಕ್ಕಕ್ಕೇ ಹುಟ್ಟಿದ ವರ್ಷ. ನಡುವೆ ಜಾಗ ಬಿಡಬಾರದು. ದಿನಾ ಯಾರಾದರೂ ಒಬ್ಬರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಈ ಮಾಸ್ಕ್ ಆಧಾರಿನ ಹಿಂದೆ ಒಂದು ತಮಾಷೆ ಇದೆ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಸಿಕ್ಕವರಿಗೆಲ್ಲ ಕೊಡಬೇಡಿ, ದುರ್ಬಳಕೆ ಆಗಬಹುದು, ಮಾಸ್ಕ್ ಮಾಡಿದ್ದನ್ನು ಕೊಡಿ ಅಂತ. ಒಳ್ಳೆಯ ಮಾತೇ ತಾನೇ? ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು ಅನ್ನುವುದು ಕೊಟ್ಟ ಕಾರಣ. ಪ್ರಕಟಣೆ ಹೋಯಿತು, ಆದರೆ ಮಾಸ್ಕ್ ಸೌಲಭ್ಯ ಹಾಗೇ ಇದೆ. ಬಳಸಿಕೊಳ್ಳಿ.

ಪೂರ್ತಿ ನಂಬರಿನ ಜೆರಾಕ್ಸೇ ಬೇಕು ಅಂತ ಹಟ ಹಿಡಿದರೆ, ಪ್ರತಿಯ ಮೇಲೆ ಅಡ್ಡಡ್ಡಲಾಗಿ ಪೆನ್ನಿನಲ್ಲಿ ಬರೆಯಿರಿ. ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು. ಅಕ್ಷರಗಳು ಫೋಟೊ ಮತ್ತು ನಂಬರಿನ ಮೇಲೂ ಹಾದುಹೋಗಲಿ. ಮೂಲೆಯಲ್ಲಿ ಸಹಿ ಹಾಕಿದರೆ ಸಾಲದು, ಮೂಲೆಯನ್ನು ಮುಚ್ಚಿ ಇನ್ನೊಂದು ಜೆರಾಕ್ಸ್ ತೆಗೆಯುವುದು ಸುಲಭ. ಕಾನೂನಿನಲ್ಲಿ ಇದಕ್ಕೆ ವಿಶೇಷ ಬಲವೇನೂ ಇಲ್ಲ. ಆದರೆ ಆ ಪ್ರತಿಯನ್ನು ಬೇರೆ ಕೆಲಸಕ್ಕೆ ಬಳಸುವವನಿಗೆ ಕಷ್ಟವಾಗುತ್ತದೆ.

ನಿಮ್ಮಂಥ ಅಂಗಡಿಗಳಲ್ಲೇ ನಮ್ಮ ಕಾಗದ ಪತ್ರ ಉಳಿದುಬಿಡುತ್ತಲ್ಲ?

ಉಳಿಯುತ್ತದೆ. ಇದನ್ನು ಕೇಳುವವರು ಕಮ್ಮಿ, ಎಲ್ಲರೂ ಕೇಳಬೇಕು.

ಗಾಜಿನ ಕೆಳಗೆ ಮರೆತುಹೋದ ಅಸಲಿ ಕಾರ್ಡು ಒಂದು. ಕಪ್ಪಾಗಿ ಬಂತು ಅಂತ ಪಕ್ಕಕ್ಕೆಸೆದ ಪ್ರತಿ ಇನ್ನೊಂದು. ಆ ಪ್ರತಿ ರದ್ದಿಗೆ ಹೋಗಿ, ಅಲ್ಲಿಂದ ಕಡಲೆಕಾಯಿ ಪೊಟ್ಟಣವಾಗಿ ಯಾರದೋ ಕೈಗೆ ಬರುತ್ತದೆ. ಕೆಟ್ಟು ಬಂದ ಪ್ರತಿಯನ್ನೂ ಕೇಳಿ ತಗೊಳ್ಳಿ, ಅದು ನಿಮ್ಮದೇ. ಆದರೆ ಜಾಸ್ತಿ ಅಪಾಯ ಇರುವುದು ಕಾಗದದಲ್ಲಲ್ಲ, ಕಂಪ್ಯೂಟರಿನಲ್ಲಿ. ನೀವು ವಾಟ್ಸ್ಆ್ಯಪ್‌ನಲ್ಲಿ ಅಂಗಡಿ ನಂಬರಿಗೆ ಕಳಿಸಿದ ಪ್ಯಾನ್, ಪಾಸ್‌ಬುಕ್ಕು, ಫೋಟೊ ಎಲ್ಲ ಅಲ್ಲೇ ಇರುತ್ತವೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ನಿಮ್ಮ ಆಧಾರ್ ಫೈಲಿನ ಪಕ್ಕದಲ್ಲಿ ಊರಿನ ಅರ್ಧ ಜನರ ಆಧಾರ್ ಫೈಲುಗಳು ಕೂತಿರುತ್ತವೆ. ಕೆಲಸ ಮುಗಿದ ಮೇಲೆ ನಿಮ್ಮೆದುರೇ ಡಿಲೀಟ್ ಮಾಡಿಸಿ, ರೀಸೈಕಲ್ ಬಿನ್ ಸಹ ಖಾಲಿ ಮಾಡಿಸಿ. ಡಿಜಿಲಾಕರ್, ಇಮೇಲ್ ತೆರೆದಿದ್ದರೆ ಲಾಗ್‌ಔಟ್ ಆಗಿದೆಯಾ ನೋಡಿ. ಪಾಸ್‌ವರ್ಡ್ ಸೇವ್ ಮಾಡಬೇಕಾ ಅಂತ ಬ್ರೌಸರ್ ಕೇಳಿದರೆ ಬೇಡ ಅನ್ನಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹೆಬ್ಬೆಟ್ಟಿನ ಗುರುತಿನಿಂದ ಬ್ಯಾಂಕ್ ಹಣ ಹೋಗುತ್ತಂತೆ, ನಿಜವಾ?

ನಿಜ. ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ದರೆ ಸಾಕು, ಹಳ್ಳಿಯ ಬ್ಯಾಂಕ್ ಮಿತ್ರರ ಹತ್ತಿರದ ಚಿಕ್ಕ ಮೆಷಿನ್ನಿನಲ್ಲಿ ಹಣ ತೆಗೆಯಬಹುದು. ಓಟಿಪಿಯೂ ಇಲ್ಲ, ಪಿನ್ನೂ ಇಲ್ಲ. ಬ್ಯಾಂಕ್ ಶಾಖೆ ದೂರ ಇರುವವರಿಗೆ, ಓದು ಬರಹ ಬಾರದವರಿಗೆ ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಕಳ್ಳರಿಗೂ ಅನುಕೂಲವಾಯಿತು. 2023ರಲ್ಲಿ ಬೆಂಗಳೂರಿನಲ್ಲಿ ಇಂಥ ದೂರುಗಳು ಒಂದರ ಮೇಲೊಂದು ಬಂದವು. ನೋಂದಣಿಯಾದ ಆಸ್ತಿ ಪತ್ರಗಳ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿದ್ದಾರೆ ಅನ್ನುವ ಅನುಮಾನ ಬಂತು. ಪಾಸ್‌ವರ್ಡ್ ಹೋದರೆ ಬೇರೆ ಇಡಬಹುದು. ಬೆರಳು ಹೋದರೆ?

ಇದಕ್ಕೆ ಬಯೋಮೆಟ್ರಿಕ್ ಲಾಕ್ ಇದೆ. ಆಧಾರ್ ಆ್ಯಪ್‌ನಲ್ಲೋ ಯುಐಡಿಎಐ ವೆಬ್‌ಸೈಟಿನಲ್ಲೋ ಹಾಕಬಹುದು. ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿರಬೇಕು ಅಷ್ಟೇ. ಲಾಕ್ ಮಾಡಿದರೆ ನಿಮ್ಮ ಬೆರಳಿಟ್ಟರೂ ನಡೆಯುವುದಿಲ್ಲ, ನಕಲಿ ಬೆರಳಿಟ್ಟರೂ ನಡೆಯುವುದಿಲ್ಲ.

"ಲಾಕ್ ಮಾಡಿದ್ರೆ ಗೃಹಲಕ್ಷ್ಮಿ ದುಡ್ಡು ನಿಂತೋಗುತ್ತಾ?" ಅಂತ ಹೆಂಗಸರು ಕೇಳುತ್ತಾರೆ. ನಿಲ್ಲುವುದಿಲ್ಲ. ಆ ಹಣ ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಬಂದು ಬೀಳುತ್ತದೆ, ಅದಕ್ಕೆ ಪ್ರತಿ ತಿಂಗಳು ಬೆರಳು ಬೇಕಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಮಾತ್ರ ಹೆಬ್ಬೆಟ್ಟು ಬೇಕು. ರೇಷನ್ ತರುವ ದಿನ ಸ್ವಲ್ಪ ಹೊತ್ತು ಅನ್‌ಲಾಕ್ ಮಾಡಿಕೊಳ್ಳಬೇಕು. ಮನೆಯಲ್ಲಿ ವಯಸ್ಸಾದ ಅಜ್ಜಿ ಒಬ್ಬರೇ ಇದ್ದು, ಫೋನ್ ಕೀಪ್ಯಾಡಿನದ್ದಾದರೆ ಈ ಲಾಕು ಅವರಿಗೇ ತೊಂದರೆ. ಅಂಥವರು ಬ್ಯಾಂಕಿಗೆ ಹೋಗಿ, ಆಧಾರಿನಿಂದ ಹಣ ತೆಗೆಯುವ ಸೌಲಭ್ಯವನ್ನೇ ನಿಲ್ಲಿಸಿ ಅಂತ ಅರ್ಜಿ ಕೊಟ್ಟರೆ ಮೇಲು. ಆಧಾರ್ ಸಹಾಯವಾಣಿ 1947, ಕನ್ನಡದಲ್ಲಿ ಮಾತಾಡುತ್ತಾರೆ.

ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕೋಕೆ ಮೊಬೈಲ್ ನಂಬರ್ ಬೇಕು ಅಂತಾರೆ?

ಬೇಡ ಅನ್ನಿ. ನಂಬರ್ ಕೊಡದಿದ್ದರೆ ಬಿಲ್ ಕೊಡುವುದಿಲ್ಲ ಅನ್ನುವಂತಿಲ್ಲ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಹೇಳಿದೆ. "ಸಿಸ್ಟಮ್ಮು ಮುಂದಕ್ಕೆ ಹೋಗಲ್ಲ ಸಾರ್" ಅಂತ ಕೌಂಟರಿನ ಹುಡುಗಿ ಹೇಳಿದರೆ ಅವಳ ಮೇಲೆ ರೇಗಬೇಡಿ, ಮ್ಯಾನೇಜರನ್ನು ಕರೆಸಿ. ಸಿಸ್ಟಮ್ಮು ಮುಂದಕ್ಕೆ ಹೋಗುತ್ತದೆ.

ಹಣ ಬರಬೇಕಾದ್ರೆ ಪಿನ್ ಹಾಕಿ ಅಂದ್ರು. ಹಾಕಬಹುದಾ?

ಹಾಕಬೇಡಿ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು ಮತ್ತು ಬ್ಯಾಲೆನ್ಸ್ ನೋಡಲು. ಬರುವ ಹಣಕ್ಕೆ ಪಿನ್ನೂ ಬೇಡ, ಕ್ಯೂಆರ್ ಸ್ಕ್ಯಾನೂ ಬೇಡ. ಹಳೇ ಸೋಫಾ ಮಾರಲು ಹಾಕಿದವರಿಗೆ "ನಾನು ಮಿಲಿಟರಿಯವನು, ಅಡ್ವಾನ್ಸ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ" ಅನ್ನುವ ಫೋನ್ ಇನ್ನೂ ಬರುತ್ತಲೇ ಇದೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಅದಕ್ಕೇ ಈಗ ಕಳ್ಳರು ಕ್ಯೂಆರ್ ಮತ್ತು ಸ್ಕ್ರೀನ್ ಶೇರಿಂಗ್ ಕಡೆ ತಿರುಗಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಅಂತಲೋ, ಟ್ರಾಫಿಕ್ ದಂಡದ ಚಲನ್ ಅಂತಲೋ ಬರುವ ಎಪಿಕೆ ಫೈಲ್ ಮುಟ್ಟಲೇಬೇಡಿ. ಮದುವೆ ಕರೆಯೋಲೆ ಇನ್‌ಸ್ಟಾಲ್ ಮಾಡುವ ವಸ್ತುವಲ್ಲ.

ಬ್ಯಾಂಕಿನಿಂದ ಫೋನ್ ಅಂದರೆ ನಂಬರ್ ನೋಡಿ. ಬ್ಯಾಂಕುಗಳ ಕರೆಗೆ 1600ರಿಂದ ಶುರುವಾಗುವ ನಂಬರ್ ಇಟ್ಟಿದ್ದಾರೆ, ಜಾಹೀರಾತಿನ ಕರೆಗೆ 140. ಹತ್ತಂಕಿಯ ಮಾಮೂಲಿ ಮೊಬೈಲಿನಿಂದ "ನಿಮ್ಮ ಕೆವೈಸಿ ಮುಗಿದಿದೆ" ಅಂತ ಬಂದರೆ ಇಟ್ಟುಬಿಡಿ.

ದುಡ್ಡು ಹೋಗಿಯೇ ಬಿಟ್ಟಿತು. ಮೊದಲು ಏನು ಮಾಡಬೇಕು?

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಈಗಲೇ. ಓದುವುದನ್ನು ಆಮೇಲೆ ಮುಂದುವರಿಸಿ.

ಮನೆಯವರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಾ ಕೂರುವ ಆ ಎರಡು ಗಂಟೆಯಲ್ಲೇ ಹಣ ಕೈತಪ್ಪಿ ಹೋಗುತ್ತದೆ. ಕಳ್ಳರು ಅದನ್ನು ಒಂದು ಖಾತೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದರಿಂದ ಐದಕ್ಕೆ, ಐದರಿಂದ ಇಪ್ಪತ್ತಕ್ಕೆ ಹಂಚಿ, ಎಟಿಎಂನಲ್ಲಿ ತೆಗೆದುಬಿಡುತ್ತಾರೆ. 1930ರಲ್ಲಿ ದೂರು ದಾಖಲಾದ ಕೂಡಲೇ ಆ ಖಾತೆಗಳ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಅಷ್ಟರಲ್ಲಿ ಖಾತೆಯಲ್ಲಿ ಉಳಿದಿರುವುದನ್ನು ತಡೆಹಿಡಿಯುತ್ತಾರೆ. ಬೇಗ ಹೇಳಿದಷ್ಟೂ ಉಳಿಯುವುದು ಜಾಸ್ತಿ.

ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದ್ದು: ಹಣ ಹೋದ ಬ್ಯಾಂಕಿನ ಹೆಸರು, ಖಾತೆ ನಂಬರ್, ಹಣ ಹೋದ ಹೊತ್ತು, ಮೊತ್ತ, ಮತ್ತು ಹನ್ನೆರಡಂಕಿಯ ಯುಟಿಆರ್ ನಂಬರ್ (ಆ ವಹಿವಾಟಿನ ಗುರುತಿನ ನಂಬರ್). ಯುಪಿಐ ಆ್ಯಪ್‌ನಲ್ಲಿ ಆ ವಹಿವಾಟನ್ನು ಒತ್ತಿದರೆ ಈ ನಂಬರ್ ಸಿಗುತ್ತದೆ. ಕರೆ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ವೆಬ್‌ಸೈಟಿನಲ್ಲಿ ದೂರು ಹಾಕಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಮೆಸೇಜುಗಳನ್ನು ಅಳಿಸಬೇಡಿ.

ಅದರ ಬೆನ್ನಿಗೇ ಬ್ಯಾಂಕಿಗೆ ಹೇಳಿ, ಬರಹದಲ್ಲೂ ಕೊಡಿ. ಆರ್‌ಬಿಐ 2017ರ ಜುಲೈನಲ್ಲಿ ಮಾಡಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಮೂರನೆಯವರ ಕೈವಾಡ ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ನಷ್ಟ ನಿಮ್ಮದು. ಓಟಿಪಿಯನ್ನು ನೀವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದೇ. ಆದರೆ ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನ ತಲೆಗೆ. ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಇದನ್ನು ಶಾಖೆಯಲ್ಲಿ ಯಾರೂ ನಿಮಗೆ ಬಾಯಿಬಿಟ್ಟು ಹೇಳುವುದಿಲ್ಲ. "ನೀವೇ ಏನೋ ಒತ್ತಿರ್ತೀರಿ" ಅನ್ನುವುದು ಅವರ ಮೊದಲ ಮಾತು. ಅದನ್ನು ಬರಹದಲ್ಲಿ ಕೊಡಿ ಅಂತ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿ ಅನ್ನಿಸದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ಬರೆಯಿರಿ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ನಾನು ಯಾರಿಗೂ ಮೋಸ ಮಾಡಿಲ್ಲ. ಆದರೂ ನನ್ನ ಖಾತೆ ಫ್ರೀಜ್ ಆಗಿದೆ!

ಇದು ಹೋಟೆಲ್, ಮೊಬೈಲ್ ಅಂಗಡಿ, ಪೆಟ್ರೋಲ್ ಬಂಕ್‌ನವರಿಗೆ ಜಾಸ್ತಿ. ಕದ್ದ ಹಣದಲ್ಲಿ ಯಾರೋ ನಿಮ್ಮ ಹತ್ತಿರ ಊಟ ಮಾಡಿ ಸ್ಕ್ಯಾನ್ ಮಾಡಿರುತ್ತಾರೆ. ಆ ಹಣದ ಜಾಡು ಹಿಡಿದ ಬೇರೆ ರಾಜ್ಯದ ಪೊಲೀಸರು ನಿಮ್ಮ ಖಾತೆಯನ್ನೇ ನಿಲ್ಲಿಸಿಬಿಡುತ್ತಾರೆ. ಬಂದದ್ದು ಇನ್ನೂರು ರೂಪಾಯಿ, ನಿಂತದ್ದು ಇಡೀ ಖಾತೆ.

ಬ್ಯಾಂಕಿನಲ್ಲಿ ಮೂರು ವಿಷಯ ಕೇಳಿ. ದೂರಿನ ನಂಬರ್, ಯಾವ ಠಾಣೆ, ಎಷ್ಟು ಮೊತ್ತದ ಬಗ್ಗೆ ತಕರಾರು. ಆ ಠಾಣೆಯ ತನಿಖಾಧಿಕಾರಿಗೆ ಬಿಲ್ಲು, ಅಂಗಡಿ ಲೈಸೆನ್ಸ್ ಪ್ರತಿ ಇಟ್ಟು ಇಮೇಲ್ ಮಾಡಿ. ತಕರಾರಿನ ಮೊತ್ತವನ್ನಷ್ಟೇ ತಡೆಹಿಡಿದು ಉಳಿದ ಖಾತೆ ಬಿಡಿ ಅಂತ ಕೇಳುವುದು ನ್ಯಾಯವಾದ ಬೇಡಿಕೆ. ಕೇರಳ ಹೈಕೋರ್ಟ್ 2023ರಲ್ಲಿ ಇದನ್ನೇ ಹೇಳಿತು. ಖಾತೆ ಬಿಡಿಸಲು "ಸ್ವಲ್ಪ ಖರ್ಚಾಗುತ್ತೆ" ಅಂತ ಫೋನ್ ಮಾಡುವವನು ಪೊಲೀಸ್ ಅಲ್ಲ, ಇನ್ನೊಬ್ಬ ಕಳ್ಳ.

ಯುಪಿಐ ತಗೊಂಡ್ರೆ ಜಿಎಸ್‌ಟಿ ನೋಟಿಸ್ ಬರುತ್ತಂತಲ್ಲ? ಬೋರ್ಡ್ ತೆಗೆದುಬಿಡಲಾ?

2025ರ ಜುಲೈ ನೆನಪಿದೆಯಲ್ಲ? ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಹೋಗಿ "ಯುಪಿಐ ಇಲ್ಲ, ನಗದು ಮಾತ್ರ" ಅನ್ನುವ ಚೀಟಿ ಬಂತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಗಲಾಟೆಯಾಯಿತು, ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂದರು.

ಲೆಕ್ಕ ಸರಳ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು. ಈ ಮಿತಿಗೆ ನಗದೂ ಸೇರುತ್ತದೆ, ಯುಪಿಐ ಒಂದೇ ಅಲ್ಲ. ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ಈ ಗೊಡವೆ ಇಲ್ಲ. ಬೋರ್ಡ್ ತೆಗೆದರೆ ಗಿರಾಕಿ ಹೋಗುತ್ತಾರೆ, ತೆರಿಗೆ ಹೋಗುವುದಿಲ್ಲ. ಮಾಡಬೇಕಾದ ಕೆಲಸ ಬೇರೆ ಇದೆ. ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಮಾಡಿಕೊಳ್ಳಿ. ಭಾವಮೈದ ವಾಪಸ್ ಕೊಟ್ಟ ಸಾಲ, ಚೀಟಿ ದುಡ್ಡು, ಮಗನ ಸಂಬಳ ಎಲ್ಲ ಅಂಗಡಿ ಕ್ಯೂಆರ್‌ಗೇ ಬಂದರೆ ಇಲಾಖೆಗೆ ಅದೆಲ್ಲ ವ್ಯಾಪಾರದ ಹಾಗೇ ಕಾಣುತ್ತದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಚಿಲ್ಲರೆ ಸಮಸ್ಯೆಗೆ ಅಂತ ಹಾಕಿಕೊಂಡ ಕೋಡು ತೆರಿಗೆ ಲೆಕ್ಕಕ್ಕೂ ಬರುತ್ತದೆ ಅಂತ ಈ ವ್ಯಾಪಾರಿಗಳಿಗೆ ಮೊದಲೇ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕ್ಕೊಂಡು "ಡಿಜಿಟಲ್ ಅರೆಸ್ಟ್" ಅಂತಿದಾರೆ...

ಫೋನ್ ಇಡಿ. ಹಾಗೊಂದು ಅರೆಸ್ಟ್ ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲೂ ಇದನ್ನೇ ಹೇಳಿದರು. ಓದಿದವರು ಇದಕ್ಕೆ ಬೀಳುವುದಿಲ್ಲ ಅಂದುಕೊಳ್ಳಬೇಡಿ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ ಮಹಿಳೆಯೊಬ್ಬರು ಹೀಗೆ ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡದ್ದು 2025ರ ನವೆಂಬರ್‌ನಲ್ಲಿ ಹೊರಗೆ ಬಂತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಈ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಅವರ ಬಲವೆಲ್ಲ ಒಂದೇ ಮಾತಿನಲ್ಲಿದೆ: "ಯಾರಿಗೂ ಹೇಳಬೇಡಿ." ಅದನ್ನೇ ಮುರಿಯಿರಿ. ಪಕ್ಕದ ಮನೆಯವರಿಗೆ ಹೇಳಿದರೂ ಸಾಕು. ಮನೆಯ ಹಿರಿಯರಿಗೆ ಇದನ್ನು ಇವತ್ತೇ ಕೂರಿಸಿ ಹೇಳಿ. "ನಿಮಗೆ ಅರ್ಥ ಆಗಲ್ಲ ಬಿಡಿ" ಅಂತ ದಿನಾ ಅನ್ನಿಸಿಕೊಳ್ಳುವ ಅಪ್ಪ, ಇಂಥ ಫೋನ್ ಬಂದಾಗ ನಿಮಗೆ ಹೇಳುವುದಿಲ್ಲ.

ಲೋನ್ ಆ್ಯಪ್‌ನವರು ನನ್ನ ಕಾಂಟ್ಯಾಕ್ಟ್‌ನಲ್ಲಿರೋರಿಗೆಲ್ಲ ಫೋನ್ ಮಾಡ್ತಿದಾರೆ

ಸಾಲ ಕೊಡುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್, ಫೋಟೊ, ಕಾಲ್ ಲಾಗ್ ಮುಟ್ಟುವಂತಿಲ್ಲ. 2022ರಿಂದಲೇ ಇದು ಆರ್‌ಬಿಐ ನಿಯಮ. ಕ್ಯಾಮೆರಾ, ಲೊಕೇಶನ್ ಸಹ ಕೆವೈಸಿಗೆ ಒಂದು ಸಲ ಮಾತ್ರ, ಅದೂ ನಿಮ್ಮ ಒಪ್ಪಿಗೆ ಇದ್ದರೆ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಸಾಲದ ಹಣ ನೇರವಾಗಿ ನಿಮ್ಮ ಖಾತೆಗೇ ಬರಬೇಕು. ಎಷ್ಟು ಬಡ್ಡಿ, ಎಷ್ಟು ಚಾರ್ಜು ಅಂತ ಮೊದಲೇ ಒಂದು ಹಾಳೆಯಲ್ಲಿ ಕೊಡಬೇಕು.

ಮೊದಲು ಆ ಆ್ಯಪ್‌ನ ಹಿಂದೆ ಯಾವ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಇದೆ ನೋಡಿ. ನೋಂದಾಯಿತ ಸಂಸ್ಥೆಗಳ ಆ್ಯಪ್‌ಗಳ ಪಟ್ಟಿ ಆರ್‌ಬಿಐ ವೆಬ್‌ಸೈಟಿನಲ್ಲಿದೆ. ಅಲ್ಲಿ ಹೆಸರಿದ್ದರೆ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಇಲ್ಲದಿದ್ದರೆ 1930 ಮತ್ತು ಪೊಲೀಸ್ ಠಾಣೆ. ನೋಂದಣಿ ಇಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರ ಮೇಲೆ ಕರ್ನಾಟಕ 2025ರಲ್ಲಿ ಬೇರೆ ಕಾನೂನನ್ನೇ ತಂದಿದೆ, ಹತ್ತು ವರ್ಷದವರೆಗೂ ಜೈಲು. ಫೋಟೊ ತಿದ್ದಿ ಕಳಿಸುತ್ತೇವೆ ಅಂತ ಹೆದರಿಸಿದರೆ ಹಣ ಕಟ್ಟಬೇಡಿ. ಒಮ್ಮೆ ಹೆದರಿ ಕಟ್ಟಿದವರನ್ನು ಅವರು ಬಿಡುವುದಿಲ್ಲ. ಕಾಂಟ್ಯಾಕ್ಟಿನಲ್ಲಿ ಇರುವವರಿಗೆ ನೀವೇ ಮೊದಲು ಒಂದು ಮೆಸೇಜ್ ಹಾಕಿಬಿಡಿ, "ನನ್ನ ಹೆಸರಲ್ಲಿ ಏನಾದ್ರೂ ಬಂದ್ರೆ ನಂಬಬೇಡಿ" ಅಂತ. ನಾಚಿಕೆಯಾಗುತ್ತದೆ, ಹೌದು. ಆದರೆ ಅವರ ಕೈಯಲ್ಲಿ ಹೆದರಿಸಲು ಇನ್ನೇನೂ ಉಳಿಯುವುದಿಲ್ಲ.

ಫೋನ್ ಕಳೆದುಹೋಯ್ತು. ನನ್ನ ಹೆಸರಲ್ಲಿ ಬೇರೆ ಯಾರಾದ್ರೂ ಸಿಮ್ ತಗೊಂಡಿದಾರಾ ಅಂತಲೂ ನೋಡಬೇಕು

ಎರಡಕ್ಕೂ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್. ಫೋನ್ ಹೋದರೆ ಮೊದಲು ಸಿಮ್ ಬ್ಲಾಕ್, ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಪೊಲೀಸ್ ದೂರಿನ ಪ್ರತಿ ತಗೊಂಡು, ಡೂಪ್ಲಿಕೇಟ್ ಸಿಮ್ ಹಾಕಿಸಿಕೊಂಡು, ಸಂಚಾರ್ ಸಾಥಿಯಲ್ಲಿ ಫೋನಿನ ಗುರುತಿನ ನಂಬರಾದ ಐಎಂಇಐ ಬ್ಲಾಕ್ ಮಾಡಿಸಿ. ಆ ನಂಬರ್ ಫೋನಿನ ಡಬ್ಬದ ಮೇಲೆ ಇರುತ್ತದೆ. ಡಬ್ಬ ಎಸೆಯುವ ಮುಂಚೆ ಒಂದು ಫೋಟೊ ತೆಗೆದಿಡಿ. ಅಲ್ಲೇ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಅಂತಲೂ ಕಾಣುತ್ತದೆ. ಒಬ್ಬರಿಗೆ ಹೆಚ್ಚೆಂದರೆ ಒಂಬತ್ತು. ನಿಮ್ಮದಲ್ಲದ್ದು ಕಂಡರೆ ಅಲ್ಲೇ "ನನ್ನದಲ್ಲ" ಅಂತ ತಿಳಿಸಬಹುದು.

ಇದೇ ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲೂ ಮೊದಲೇ ಹಾಕಿರಬೇಕು ಅಂತ ಕೇಂದ್ರ 2025ರ ನವೆಂಬರ್ ಕೊನೆಯಲ್ಲಿ ಆದೇಶ ಮಾಡಿತು. ಗದ್ದಲವಾಗಿ ಡಿಸೆಂಬರ್ 3ಕ್ಕೆ ಆ ಕಡ್ಡಾಯವನ್ನು ಕೈಬಿಟ್ಟಿತು. ಕೈಬಿಟ್ಟದ್ದೇ ಒಳ್ಳೆಯದಾಯಿತು ಅನ್ನುವುದು ನನ್ನ ಅಭಿಪ್ರಾಯ. ಉಪಯೋಗವಿರುವ ವಸ್ತುವನ್ನು ಜನ ತಾವಾಗಿಯೇ ಹಾಕಿಕೊಳ್ಳುತ್ತಾರೆ.

ಆ್ಯಪ್‌ನಲ್ಲಿ ಕೊನೇ ಗಳಿಗೆಯಲ್ಲಿ ಬೆಲೆ ಜಾಸ್ತಿ ಆಗುತ್ತೆ, ಕೇಳದ ಇನ್ಶೂರೆನ್ಸ್ ಸೇರಿರುತ್ತೆ. ಇದಕ್ಕೇನಾದ್ರೂ ಕಾನೂನು ಇದೆಯಾ?

ಇದೆ. ಇಂಥ ಹದಿಮೂರು ಬಗೆಯ ಮೋಸಗಳನ್ನು ಹೆಸರಿಸಿ 2023ರ ನವೆಂಬರ್ 30ರಂದು ನಿಯಮ ಬಂದಿದೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಸುಮ್ಮನೆ "ಇನ್ನು ಎರಡೇ ಉಳಿದಿವೆ" ಅಂತ ಅವಸರ ಹುಟ್ಟಿಸುವುದು, ಸಬ್‌ಸ್ಕ್ರಿಪ್ಶನ್ ನಿಲ್ಲಿಸಲು ದಾರಿಯೇ ಸಿಗದಂತೆ ಮಾಡುವುದು ಎಲ್ಲ ಅದರಲ್ಲಿವೆ. ಆಟೊ, ಕ್ಯಾಬ್ ಬರುವ ಮುಂಚೆಯೇ ಟಿಪ್ಸ್ ಕೇಳುವ ವಿಚಾರಕ್ಕೆ 2025ರ ಮೇನಲ್ಲಿ ಊಬರ್‌ಗೆ ನೋಟಿಸ್ ಹೋಯಿತು. ಅದನ್ನು ತಿಳಿಸಿದವರು ನಮ್ಮ ಧಾರವಾಡದ ಸಂಸದರೂ ಆದ ಸಚಿವ ಪ್ರಲ್ಹಾದ ಜೋಶಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಚಿಕ್ಕ ಮೊತ್ತ ಅಂತ ಬಿಡಬೇಡಿ, ಅವರ ಲಾಭ ಇರುವುದೇ ನೀವು ಬಿಟ್ಟುಬಿಡುವ ಚಿಕ್ಕ ಮೊತ್ತದಲ್ಲಿ.

ಡೇಟಾ ರಕ್ಷಣೆಗೆ ಹೊಸ ಕಾನೂನು ಬಂದಿದೆಯಂತೆ. ಈಗಲೇ ದೂರು ಕೊಡಬಹುದಾ?

ಕಾನೂನು ಬಂದಿದೆ, ಪೂರ್ತಿ ಕೈಗೆ ಸಿಕ್ಕಿಲ್ಲ. ಸಂಸತ್ತು ಪಾಸು ಮಾಡಿದ್ದು 2023ರ ಆಗಸ್ಟ್‌ನಲ್ಲಿ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳು, ಅಂದರೆ 2027ರ ಮೇ ತನಕ ಗಡುವು ಕೊಟ್ಟಿದ್ದಾರೆ.

ಜಾರಿಯಾದ ಮೇಲೆ, ನಿಮ್ಮ ಮಾಹಿತಿ ಯಾಕೆ ಬೇಕು ಅಂತ ಹೇಳಿಯೇ ತಗೊಳ್ಳಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು. ಕೊಡುವಾಗ ಎಷ್ಟು ಸುಲಭವಿತ್ತೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ತಪ್ಪು ತಿದ್ದಿಸಬಹುದು, ಅಳಿಸಲು ಕೇಳಬಹುದು. ನನಗೆ ಬಹಳ ಇಷ್ಟವಾದದ್ದು ಇನ್ನೊಂದು. ಒಪ್ಪಿಗೆ ಕೇಳುವ ಆ ಬರಹವನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡ ಅದರಲ್ಲಿದೆ. "ಐ ಅಗ್ರಿ" ಅಂತ ಒತ್ತುವ ಮುಂಚೆ ಕನ್ನಡದಲ್ಲಿ ತೋರಿಸಿ ಅಂತ ಕೇಳುವುದು ಆಗ ನಮ್ಮ ಹಕ್ಕು.

ಇಷ್ಟವಾಗದ್ದೂ ಇದೆ. ದಂಡ 250 ಕೋಟಿ ರೂಪಾಯಿವರೆಗೂ ಹಾಕಬಹುದು, ಆದರೆ ಆ ಹಣ ಸರ್ಕಾರದ ಬೊಕ್ಕಸಕ್ಕೆ. ಮಾಹಿತಿ ಸೋರಿ ನಷ್ಟವಾದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಸುಳ್ಳು ದೂರು ಅಂತಾದರೆ ದೂರು ಕೊಟ್ಟವರಿಗೇ 10,000 ರೂಪಾಯಿವರೆಗೆ ದಂಡ. ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಇದೇ ಕಾನೂನಿನ ಮೂಲಕ ಮಾಹಿತಿ ಹಕ್ಕು ಕಾಯ್ದೆಯ ಒಂದು ಸೆಕ್ಷನ್ ಬದಲಾಯಿತು. ವೈಯಕ್ತಿಕ ಮಾಹಿತಿ ಅನ್ನುವ ಕಾರಣ ಕೊಟ್ಟು ಅರ್ಜಿ ತಳ್ಳಿಹಾಕುವುದು ಅಧಿಕಾರಿಗಳಿಗೆ ಮೊದಲಿಗಿಂತ ಸುಲಭವಾಗಿದೆ. ಆರ್‌ಟಿಐ ಅರ್ಜಿ ಬರೆಸಲು ನನ್ನ ಅಂಗಡಿಗೆ ಬರುವವರು ಹೀಗೆ ಅರ್ಜಿ ತಳ್ಳಿಹಾಕಿ ಬಂದ ಉತ್ತರಗಳನ್ನು ಜೆರಾಕ್ಸ್ ಮಾಡಿಸುತ್ತಿದ್ದಾರೆ, ಮೇಲ್ಮನವಿಗೆ ಲಗತ್ತಿಸಲು.